ಯಾರ ಮಾನ, ಯಾರ ಬಸಿರು?

ನಮ್ಮ ನಾಡಿನಲ್ಲಿ ಹೆಣ್ಣಿನ ಬಸಿರನ್ನು ಎಣಿಸುವವರಿಗೆ ಎಂದೂ ಬರವಿಲ್ಲ. ಅತ್ತೆ ಎಣಿಸುತ್ತಾಳೆ, ಓಣಿಯವರು ಎಣಿಸುತ್ತಾರೆ, ಜಾತಿಯ ಹಿರಿಯರು ಎಣಿಸುತ್ತಾರೆ, ಎಲ್ಲರ ಹಿಂದೆ ಸರ್ಕಾರವೂ ಬಂದು ಎಣಿಸುತ್ತದೆ. ಹೀಗೆ ಎಣಿಸಿದ ಸರ್ಕಾರ ಈಗ ಒಂದು ಸಮಾಧಾನದ ಸುದ್ದಿ ಹೇಳುತ್ತಿದೆ. ಕರ್ನಾಟಕದಲ್ಲಿ ಜನನ ಪ್ರಮಾಣ ಇಳಿದಿದೆ, ಹದಿಹರೆಯದ ಹುಡುಗಿಯರು ತಾಯಂದಿರಾಗುವುದೂ ಕಡಿಮೆಯಾಗಿದೆ. ಸುದ್ದಿ ಸುಳ್ಳಲ್ಲ. ಆದರೆ ಅಂಕಿ ಇಳಿದ ಮಾತ್ರಕ್ಕೆ ಅನ್ಯಾಯವೂ ಇಳಿಯಿತು ಅಂತ ನಾವು ನಂಬಬೇಕೆ? ಹುಡುಗಿಯೊಬ್ಬಳು ಹೆರದೆ ಉಳಿದಳು ಅನ್ನುವುದೂ, ಆಕೆ ತನ್ನ ಬದುಕಿನ ಬಗ್ಗೆ ತಾನೇ ಒಂದು ಮಾತು ಆಡಿದಳು ಅನ್ನುವುದೂ ಒಂದೆಯೆ? ಈ ಪ್ರಶ್ನೆಯನ್ನು ಡಾಕ್ಟರರಿಗೂ ಅಧಿಕಾರಿಗಳಿಗೂ ಬಿಟ್ಟು ಕೂರುವಂತಿಲ್ಲ. ಇದು ನೀತಿಯ ಪ್ರಶ್ನೆ, ಆದ್ದರಿಂದ ಚಳವಳಿಯ ಪ್ರಶ್ನೆ.

ಮೊದಲು ಅಂಕಿಗಳನ್ನೇ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಸಲ 1992-93ರಲ್ಲಿ ನಡೆದಾಗ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮೂರರ ಹತ್ತಿರ ಮಕ್ಕಳು. 2019-20ರ ಐದನೇ ಸಮೀಕ್ಷೆಯಲ್ಲಿ ಅದು 1.7. ಹದಿನೈದರಿಂದ ಹತ್ತೊಂಬತ್ತು ವಯಸ್ಸಿನ ಹುಡುಗಿಯರಲ್ಲಿ ಆಗಲೇ ತಾಯಿಯಾದವರು ಅಥವಾ ಬಸುರಿಯಾದವರು 2015-16ರಲ್ಲಿ ನೂರಕ್ಕೆ 7.8 ಇದ್ದರೆ, 2019-20ರಲ್ಲಿ 5.4. ಇನ್ನೊಂದು ಅಂಕಿಯೂ ಅದೇ ಪುಸ್ತಕದಲ್ಲಿದೆ. ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು 2005-06ರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು. 2015-16ಕ್ಕೆ ಅದು 21.4ಕ್ಕೆ ಇಳಿಯಿತು. 2019-20ಕ್ಕೆ 21.3.

ಹತ್ತು ವರ್ಷದಲ್ಲಿ ಅರ್ಧಕ್ಕೆ ಇಳಿದದ್ದು ಆಮೇಲೆ ಅಲ್ಲಿಗೇ ನಿಂತುಬಿಟ್ಟಿದೆ. ಈ ಎರಡು ಅಂಕಿಗಳು ಒಂದೇ ಹುಡುಗಿಯರನ್ನು ಎಣಿಸಿದವಲ್ಲ, ಒಂದು ಈಗಿನ ಹದಿಹರೆಯದವರದು, ಇನ್ನೊಂದು ಅವರಿಗಿಂತ ದೊಡ್ಡವರದು ಅನ್ನುವುದು ನಿಜ. ಹದಿನೆಂಟು, ಹತ್ತೊಂಬತ್ತು ತುಂಬಿ ಕಾಯ್ದೆ ಪ್ರಕಾರವೇ ಮದುವೆಯಾದವರೂ ಬಸುರಿಯರ ಲೆಕ್ಕದಲ್ಲಿದ್ದಾರೆ. ಇದೆಲ್ಲ ಒಪ್ಪಿಕೊಂಡು ನೋಡಿದರೂ ಒಂದು ಮಾತು ಉಳಿಯುತ್ತದೆ: ಐವರಲ್ಲಿ ಒಬ್ಬಳ ಕೊರಳಿಗೆ ಇನ್ನೂ ಹುಡುಗಿಯಾಗಿದ್ದಾಗಲೇ ತಾಳಿ ಬಿದ್ದಿದೆ. ಈ ಸಮೀಕ್ಷೆ ನಮ್ಮ ರಾಜ್ಯದಲ್ಲಿ ನಡೆದದ್ದು ಕೋವಿಡ್ ಬರುವ ಮೊದಲು. 2020ರಲ್ಲಿ ಶಾಲೆಗಳು ಮುಚ್ಚಿ, ಕೂಲಿ ನಿಂತು, ಮದುವೆಯ ಖರ್ಚು ನಾಲ್ಕು ಜನರ ಊಟಕ್ಕೆ ಇಳಿದಾಗ ಎಷ್ಟು ಹುಡುಗಿಯರನ್ನು ಸದ್ದಿಲ್ಲದೆ ದಾಟಿಸಲಾಯಿತು ಅನ್ನುವುದು ಆ ಪುಸ್ತಕದೊಳಗೆ ಇಲ್ಲ.

ಉಳಿದ ಆ ಐದನೇ ಹುಡುಗಿ ಯಾರು? ಹೆಸರು ಬೇಡ, ವಿಳಾಸ ಹೇಳಬಹುದು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಆಕೆ ಅಪರೂಪ. ವಿಜಯಪುರ, ಬಾಗಲಕೋಟೆ, ಯಾದಗಿರಿ, ಕೊಪ್ಪಳಗಳ ಕಡೆ ಹೋದರೆ ಆಕೆ ಓಣಿ ಓಣಿಯಲ್ಲಿ ಸಿಗುತ್ತಾಳೆ. ಮಳೆ ಕೈಕೊಟ್ಟರೆ ಗುಳೆ ಹೋಗುವ ಮನೆ ಅದು. ಊರಲ್ಲಿ ಇರುವುದು ಹಿರಿಯ ಪ್ರಾಥಮಿಕ ಶಾಲೆ, ಹೈಸ್ಕೂಲು ಇನ್ನೊಂದು ಊರಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆಕೆಯ ಕೈ ಹಿಡಿಯುವುದು ಹದಿನಾಲ್ಕರವರೆಗೆ, ಮದುವೆ ಕಾಯ್ದೆ ಕಾಯಲು ಹೇಳುವುದು ಹದಿನೆಂಟರವರೆಗೆ. ನಡುವಿನ ನಾಲ್ಕು ವರ್ಷ ಆಕೆ ಎಲ್ಲಿರಬೇಕು ಅಂತ ಯಾವ ಕಾಯ್ದೆಯೂ ಹೇಳಲಿಲ್ಲ. ಇಡೀ ದೇಶದ ಲೆಕ್ಕದಲ್ಲಿ, ಶಾಲೆಯ ಮುಖ ನೋಡದ ಹದಿಹರೆಯದವರಲ್ಲಿ ನೂರಕ್ಕೆ ಹದಿನೆಂಟು ಮಂದಿ 2019-21ರ ಸಮೀಕ್ಷೆಯ ಹೊತ್ತಿಗೆ ತಾಯಂದಿರು ಇಲ್ಲವೆ ಬಸುರಿಯರು. ಹನ್ನೆರಡು ತರಗತಿ ಓದಿದವರಲ್ಲಿ ನಾಲ್ಕು. ಹದಿನೆಂಟಕ್ಕೂ ನಾಲ್ಕಕ್ಕೂ ನಡುವಿನ ಅಂತರವನ್ನು ಹುಡುಗಿಯ ನಡತೆಯಲ್ಲಿ ಹುಡುಕುವವರು ಬಸ್ಸಿಲ್ಲದ ರಸ್ತೆಯನ್ನೂ ಬೀಗ ಹಾಕಿದ ಹಾಸ್ಟೆಲನ್ನೂ ಒಮ್ಮೆ ನೋಡಿ ಬರಲಿ.

ಕಾಯ್ದೆಗೇನೂ ನಮ್ಮಲ್ಲಿ ಕೊರತೆಯಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳಬಾರದು ಅಂತಲೂ ಹೇಳಿತು. ಹಾಗೆ ಕಟ್ಟಿಕೊಳ್ಳುವವರು ಇದ್ದದ್ದರಿಂದಲೇ ತಾನೆ ಆ ಕಾಯ್ದೆ! ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯ್ದೆ ಹೆಣ್ಣಿಗೆ ಹದಿನಾಲ್ಕು ಅಂದಿತು. 1949ರಲ್ಲಿ ಅದು ಹದಿನೈದು, 1978ರಲ್ಲಿ ಹದಿನೆಂಟು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ಅದಕ್ಕೆ ಕರ್ನಾಟಕ ಮಾಡಿದ ತಿದ್ದುಪಡಿ 2017ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂತ ಸಾರಿತು. ಸುಪ್ರೀಂ ಕೋರ್ಟು ಅದೇ ವರ್ಷದ ಅಕ್ಟೋಬರಿನಲ್ಲಿ, ಹೆಂಡತಿಯೇ ಆದರೂ ಹದಿನೆಂಟರೊಳಗಿನವಳನ್ನು ಕೂಡುವುದು ಅತ್ಯಾಚಾರ ಅಂತ ತೀರ್ಪು ಕೊಡುತ್ತ ಕರ್ನಾಟಕದ ಈ ತಿದ್ದುಪಡಿಯನ್ನು ಮೆಚ್ಚಿಕೊಂಡಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಾಯ್ದೆಯ ವಯಸ್ಸು ಏರುತ್ತ ಹೋದರೂ ಹುಡುಗಿ ಮಾತ್ರ ಯಾಕೆ ಅಲ್ಲೇ ನಿಂತಳು?

ಇದಕ್ಕೆ ಬಾಬಾಸಾಹೇಬರು 1916ರಲ್ಲೇ ದಾರಿ ತೋರಿದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆ ಮೇ ತಿಂಗಳಲ್ಲಿ ಓದಿದ ಪ್ರಬಂಧದಲ್ಲಿ ಅವರು ಜಾತಿಯ ಗುಟ್ಟನ್ನು ಮದುವೆಯೊಳಗೆ ಹಿಡಿದರು. ಜಾತಿ ಉಳಿಯಬೇಕಾದರೆ ಒಳಗಿನವರು ಒಳಗೇ ಮದುವೆಯಾಗಬೇಕು. ಹಾಗಾಗಬೇಕಾದರೆ ಒಳಗಿರುವ ಗಂಡು ಹೆಣ್ಣುಗಳ ಲೆಕ್ಕ ಸರಿಹೊಂದಬೇಕು. ಗಂಡ ಸತ್ತವಳು ಹೆಚ್ಚಾಗಿ ಉಳಿದರೆ ಆಕೆಯನ್ನು ಚಿತೆಗೆ ಹಾಕಿದರು ಇಲ್ಲವೆ ತಲೆ ಬೋಳಿಸಿ ಮೂಲೆಗೆ ಕೂರಿಸಿದರು. ಹೆಂಡತಿ ಸತ್ತವನು ಹೆಚ್ಚಾಗಿ ಉಳಿದರೆ ಅವನಿಗಾಗಿ ಇನ್ನೂ ಮದುವೆಯ ವಯಸ್ಸಿಗೆ ಬಾರದ ಹುಡುಗಿಯನ್ನು ತಂದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ, ಈ ಮೂರೂ ಒಂದೇ ಬೇಲಿಯ ಮೂರು ಗೂಟಗಳು. ಮೇಲಿನವರು ಹಾಕಿಕೊಂಡ ಈ ಬೇಲಿಯನ್ನು ಕೆಳಗಿನವರು ನೋಡಿ ನೋಡಿ ತಮ್ಮ ಹಟ್ಟಿಗೂ ಹಾಕಿಕೊಂಡರು ಅಂತ ಅವರು ಅದೇ ಪ್ರಬಂಧದಲ್ಲಿ ವಿವರಿಸಿದ್ದಾರೆ. ಗೂಟಗಳಲ್ಲಿ ಎರಡನ್ನು ಇತಿಹಾಸ ಬಹುಮಟ್ಟಿಗೆ ಕಿತ್ತಿದೆ. ಮೂರನೆಯದು ನೆಲದಲ್ಲಿ ಇನ್ನೂ ಗಟ್ಟಿಯಾಗಿದೆ.

ಆದ್ದರಿಂದ ಎಳೆಯ ಹುಡುಗಿಯ ಮದುವೆ ಬರೀ ಬಡತನದ ಮಾತೂ ಅಲ್ಲ, ಬರೀ ಅಜ್ಞಾನದ ಮಾತೂ ಅಲ್ಲ. ಆಕೆ ಆಯ್ಕೆ ಮಾಡುವ ವಯಸ್ಸಿಗೆ ಬರುವ ಮೊದಲೇ ಆಯ್ಕೆಯನ್ನು ಮುಗಿಸಿಬಿಡುವ ಉಪಾಯ ಅದು. ನಮ್ಮ ರಾಜ್ಯದಲ್ಲಿ ನೂರಕ್ಕೆ ಇಪ್ಪತ್ತೇಳು ಮದುವೆಗಳು ರಕ್ತಸಂಬಂಧದೊಳಗೇ ಆಗುತ್ತವೆ ಅಂತ 2019-20ರ ಸಮೀಕ್ಷೆ ಹೇಳುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ತೊಟ್ಟಿಲಲ್ಲೇ ಮಾತು ಕೊಟ್ಟಾಗಿರುತ್ತದೆ. ಮಾತು ಕೊಟ್ಟವರು ಯಾರು? ಕೊಟ್ಟಿದ್ದು ಯಾರ ಮೈ? ಹದಿನಾರಕ್ಕೆ ಹುಡುಗಿ ಬೇರೆ ಜಾತಿಯವನ ಕಡೆ ಕಣ್ಣೆತ್ತಿಯಾಳು ಅನ್ನುವ ಭಯಕ್ಕೆ ನಾವು ಮಾನ ಅಂತ ಹೆಸರಿಟ್ಟಿದ್ದೇವೆ.

ಕೇರಿಯ ತಾಯಿ ಇದಕ್ಕೊಂದು ಉತ್ತರ ಕೊಡುತ್ತಾಳೆ. "ನಾವು ಕಬ್ಬು ಕಡಿಯಾಕ ಹೋಗತೀವಿ. ಮೈನೆರೆದ ಹುಡುಗೀನ ಯಾರ ಕೈಯಾಗ ಬಿಟ್ಟು ಹೋಗೂಣು? ಏನಾರ ಆದ್ರ ಪೊಲೀಸ್ರು ಬರ್ತಾರೇನು, ಪಂಚಾಯ್ತಿಯವ್ರು ಬರ್ತಾರೇನು? ಗಂಡ ಅಂತ ಒಬ್ಬಾಂವ ಇದ್ರ ಮಂದಿ ಹೆದರತಾರ." ಉತ್ತರ ಕರ್ನಾಟಕದ ಎಷ್ಟೋ ಕೇರಿಗಳಲ್ಲಿ ಕೇಳುವ ಮಾತು ಇದು. ಪಟ್ಟಣದಲ್ಲಿ ಕೂತು ಇವಳನ್ನು ಮೂಢಳು ಅನ್ನುವುದು ಸುಲಭ. ಅವಳು ಮೂಢಳಲ್ಲ. ಗೌಡನ ಹೊಲದ ಬದುವಿನಲ್ಲಿ ದಲಿತ ಹುಡುಗಿಯ ಮೈಗೆ ಏನು ಬೆಲೆ ಅಂತ ಅವಳಿಗೆ ಗೊತ್ತು. ಮುತ್ತು ಕಟ್ಟಿ ದೇವರ ಹೆಸರಿಗೆ ಬಿಟ್ಟ ಹುಡುಗಿಯರು ಯಾವ ಕೇರಿಯವರು, ಅವರ ಮಕ್ಕಳ ತಂದೆಯರು ಯಾವ ಓಣಿಯವರು ಅಂತಲೂ ಅವಳಿಗೆ ಗೊತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ಬಂತು. ಆ ಕಾಯ್ದೆಗೆ ಮೊದಲೂ ಆಮೇಲೂ ಹುಟ್ಟಿದ ಎಷ್ಟೋ ಮಕ್ಕಳು ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟೇ ಓದಿದರು. ಇಷ್ಟೆಲ್ಲ ಕಂಡ ತಾಯಿ ಮಗಳನ್ನು ಬೇಗ ದಾಟಿಸುವುದೇ ಕ್ಷೇಮ ಅಂದರೆ, ಅವಳ ಲೆಕ್ಕ ತಪ್ಪು ಅನ್ನುವ ಮೊದಲು ಅವಳಿಗೆ ಬೇರೆ ಯಾವ ಲೆಕ್ಕವನ್ನು ನಾವು ಕೊಟ್ಟಿದ್ದೇವೆ ಅಂತ ಕೇಳಬೇಕು.

ಆದರೂ ಅವಳ ಉತ್ತರವನ್ನು ನಾವು ಒಪ್ಪಲಾರೆವು. ಹೊರಗಿನ ಗಂಡಸಿನ ಭಯಕ್ಕೆ ಮನೆಯೊಳಗೆ ಒಬ್ಬ ಗಂಡಸನ್ನು ತಂದು ಕಾವಲಿಟ್ಟರೆ, ಹುಡುಗಿಯ ಮೈಗೆ ಒಡೆಯ ಬದಲಾಗುತ್ತಾನೆ ಅಷ್ಟೆ. ಹದಿನೈದರ ಮೈ ಇನ್ನೂ ಬೆಳೆಯುತ್ತಿರುವ ಮೈ. ನಮ್ಮ ರಾಜ್ಯದ ಹೆಂಗಸರಲ್ಲಿ ಅರ್ಧದ ಹತ್ತಿರ ಜನಕ್ಕೆ ರಕ್ತಹೀನತೆ. ತನಗೇ ರಕ್ತ ಸಾಲದ ಹುಡುಗಿ ಒಳಗಿನ ಕೂಸಿಗೆ ಎಲ್ಲಿಂದ ಕೊಡಬೇಕು? ನಂಜು ಏರುವುದು, ಹೆರಿಗೆ ಕಟ್ಟಿಕೊಳ್ಳುವುದು, ಕೂಸು ತೂಕವಿಲ್ಲದೆ ಹುಟ್ಟುವುದು, ಇವೆಲ್ಲ ಎಳೆ ತಾಯಂದಿರಲ್ಲಿ ಹೆಚ್ಚು. ತೂಕವಿಲ್ಲದೆ ಹುಟ್ಟಿದ ಹೆಣ್ಣುಕೂಸು ಅದೇ ಮನೆಯಲ್ಲಿ ಅರೆಹೊಟ್ಟೆಯಲ್ಲಿ ಬೆಳೆದು, ಹದಿನಾರಕ್ಕೆ ಅದೇ ದಾರಿ ಹಿಡಿಯುತ್ತದೆ. ಕ್ಷೇಮ ಅಂತ ಕೊಟ್ಟದ್ದು ಎರಡು ತಲೆಮಾರಿನ ಮೈಯನ್ನು ತಿನ್ನುತ್ತದೆ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಹದಿಹರೆಯದ ಬಸಿರು ಅಂದ ಕೂಡಲೇ ನಾವು ಒಬ್ಬಳೇ ಹುಡುಗಿಯನ್ನು ನೆನೆಯುತ್ತೇವೆ. ನಿಜಕ್ಕೂ ಅಲ್ಲಿ ಮೂವರು ನಿಂತಿದ್ದಾರೆ. ಒಬ್ಬಳನ್ನು ಮನೆಯವರೇ ಮದುವೆ ಮಾಡಿ ಕೊಟ್ಟಿದ್ದಾರೆ. ಆಕೆ ಬಸುರಿಯಾದರೆ ಊರು ಉಡಿ ತುಂಬುತ್ತದೆ. ಇನ್ನೊಬ್ಬಳು ತನ್ನ ವಾರಿಗೆಯ ಹುಡುಗನನ್ನು ಮೆಚ್ಚಿದ್ದಾಳೆ, ಬಹುಪಾಲು ಅವನು ಬೇರೆ ಜಾತಿಯವನು. ಆಕೆ ಬಸುರಿಯಾದರೆ ಊರು ಕೊಡಲಿ ಹಿಡಿಯುತ್ತದೆ. ಮೂರನೆಯವಳ ಮೇಲೆ ನೆಂಟನೋ, ಕಲಿಸುವವನೋ, ಕೆಲಸ ಕೊಟ್ಟವನೋ ಕೈ ಮಾಡಿದ್ದಾನೆ. ಆಕೆ ಬಸುರಿಯಾದರೆ ಊರು ಬಾಯಿ ಮುಚ್ಚಿಕೊಳ್ಳುತ್ತದೆ. ಮೂವರ ವಯಸ್ಸೂ ಹದಿನಾರೇ. ಹೊಟ್ಟೆ ಮೂವರದ್ದೂ ಒಂದೇ ಥರ ಬೆಳೆಯುತ್ತದೆ. ಊರಿನ ನೀತಿ ಮಾತ್ರ ಮೂರು ಥರ. ಊರು ಹುಡುಗಿಯ ಎಳೆತನಕ್ಕಾಗಿ ಮರುಗುವುದಾಗಿದ್ದರೆ ಮೂವರಿಗೂ ಮರುಗಬೇಕಿತ್ತು. ಹಾಗಾದರೆ ಊರು ಕಾಯುತ್ತಿರುವುದು ಬೇಲಿಯನ್ನು, ಹುಡುಗಿಯನ್ನಲ್ಲ.

ಊರು ಮೂರು ಥರ ನೋಡಿದರೆ ಕಾಯ್ದೆ ಮೂವರನ್ನೂ ಒಂದೇ ಕಣ್ಣಿಂದ ನೋಡುತ್ತದೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಹದಿನೆಂಟರೊಳಗಿನವಳ ಒಪ್ಪಿಗೆಗೆ ಲೆಕ್ಕವಿಲ್ಲ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮೂರನೆಯವಳಿಗೆ ಈ ಕಾಯ್ದೆ ಬೇಕೇ ಬೇಕು. ಅದನ್ನು ಸಡಿಲಿಸಿ ಅನ್ನುವ ಮಾತು ದೌರ್ಜನ್ಯ ಮಾಡುವವರ ಕಿವಿಗೆ ಇಂಪಾಗಿ ಕೇಳುತ್ತದೆ ಅನ್ನುವ ಎಚ್ಚರ ನಮಗಿದೆ. ಆದರೆ ಮೊದಲ ಇಬ್ಬರು? ಆಸ್ಪತ್ರೆಗೆ ಹೋದರೆ ಗಂಡನೋ ಅಪ್ಪನೋ ಮೆಚ್ಚಿದ ಹುಡುಗನೋ ಜೈಲಿಗೆ ಹೋಗುತ್ತಾನೆ ಅಂತ ಗೊತ್ತಾದ ಮೇಲೆ ಅವರು ಆಸ್ಪತ್ರೆಗೆ ಯಾಕೆ ಹೋದಾರು? ತಾಯಿ ಕಾರ್ಡಿನಲ್ಲಿ ಹದಿನಾರು ಹತ್ತೊಂಬತ್ತಾಗುವುದು, ಏಳು ತಿಂಗಳವರೆಗೆ ಒಂದು ಮಾತ್ರೆಯೂ ಇಲ್ಲದೆ ಮುಚ್ಚಿಟ್ಟುಕೊಳ್ಳುವುದು, ಹಳ್ಳಿಯ ಕತ್ತಲ ಕೋಣೆಯಲ್ಲಿ ಯಾರೋ ಕೊಟ್ಟ ಔಷಧಿ ಕುಡಿಯುವುದು, ಇವು ಹುಟ್ಟುವುದು ಈ ಭಯದಿಂದ. ಆಶಾ ಕಾರ್ಯಕರ್ತೆಯೂ ಅದೇ ಊರಿನವಳು. ಬರೆದರೆ ಊರು ಬಿಡುವುದಿಲ್ಲ, ಬರೆಯದಿದ್ದರೆ ಕಾಯ್ದೆ ಬಿಡುವುದಿಲ್ಲ.

ಕೋರ್ಟುಗಳಿಗೂ ಈ ಇಕ್ಕಟ್ಟು ಗೊತ್ತಾಗಿದೆ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯಿಂದ ಅಪ್ರಾಪ್ತ ವಯಸ್ಸಿನವರಿಗೆ ಇಪ್ಪತ್ನಾಲ್ಕು ವಾರದವರೆಗೆ ಅವಕಾಶ ಸಿಕ್ಕಿತು. ಇಂಥ ಹುಡುಗಿ ಒಪ್ಪಿತ ಸಂಬಂಧದಿಂದ ಬಸುರಿಯಾಗಿ ಗರ್ಭಪಾತಕ್ಕೆ ಬಂದರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ಆಕೆಯ ಹೆಸರು ಗುರುತು ಹೇಳಬೇಕಿಲ್ಲ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಯೋಚನೆ ಮಾಡಿ ಅಂತ ಕಾನೂನು ಆಯೋಗಕ್ಕೆ ಸೂಚಿಸಿತು. 2023ರಲ್ಲಿ ಆಯೋಗ ವಯಸ್ಸನ್ನು ಇಳಿಸಬಾರದು ಅಂದಿತು. ವಾದ ನಡೆಯಲಿ. ಆದರೆ ಇಪ್ಪತ್ನಾಲ್ಕು ವಾರದ ಕಾಯ್ದೆ ಇದೆ ಅನ್ನುವ ಸುದ್ದಿಯೇ ಕೇರಿಯ ಹುಡುಗಿಗೆ ಮುಟ್ಟಿಲ್ಲವಲ್ಲ! ಮುಟ್ಟುವುದಾದರೂ ಹೇಗೆ? 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಅಂತ ಬಂದಾಗ ನಮ್ಮ ಸಂಸ್ಕೃತಿ ಕೆಡುತ್ತದೆ ಅಂತ ಅಡ್ಡಗಟ್ಟಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹದಿನೈದರ ಹುಡುಗಿ ಹೆರುವುದನ್ನು ಸಹಿಸಿಕೊಂಡ ಸಂಸ್ಕೃತಿ, ಆಕೆಗೆ ತನ್ನ ಮೈಯ ಪಾಠ ಹೇಳುವುದನ್ನು ಸಹಿಸಲಿಲ್ಲ.

ಸರ್ಕಾರದ ಕರುಣೆಗೂ ಒಂದು ಷರತ್ತು ಇರುತ್ತದೆ. 2010ರಲ್ಲಿ ಬಂದ ಇಂದಿರಾಗಾಂಧಿ ಮಾತೃತ್ವ ಸಹಯೋಗ ಯೋಜನೆಯ ಹಣ ಹತ್ತೊಂಬತ್ತು ತುಂಬಿದ ತಾಯಂದಿರಿಗೆ ಮಾತ್ರ ಸಿಗುತ್ತಿತ್ತು. ಬೇಗ ಮದುವೆ ಮಾಡಬೇಡಿ ಅಂತ ಬುದ್ಧಿ ಕಲಿಸುವ ಉದ್ದೇಶವಂತೆ. ಬುದ್ಧಿ ಕಲಿಯಬೇಕಾದವರು ಮದುವೆ ಮಾಡಿದ ಹಿರಿಯರು, ಗಂಜಿ ತಪ್ಪಿದ್ದು ಹದಿನೇಳರ ಬಸುರಿಗೆ. ನಮ್ಮ ರಾಜ್ಯದ ಭಾಗ್ಯಲಕ್ಷ್ಮಿ ಯೋಜನೆ 2006-07ರಲ್ಲಿ ಶುರುವಾದಾಗಲೂ ಹದಿನೆಂಟರೊಳಗೆ ಮದುವೆಯಾದರೆ ಹಣವಿಲ್ಲ ಅಂದಿತು. ತಡೆಯಲು ಒಂದು ಆಸೆ ಇರಲಿ ಅನ್ನೋಣ. ಆದರೆ ಮದುವೆಯ ದಿನ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ಕೇಳದೆ ಮಾಡಿದ ಕೆಲಸಕ್ಕೆ ಹಣ ಕಳೆದುಕೊಂಡವಳೂ ಆಕೆಯೇ. ಯಾರಿಗೆ ಅಧಿಕಾರವಿತ್ತೋ ಅವರಿಗೆ ಶಿಕ್ಷೆ, ಯಾರಿಗೆ ಅನ್ಯಾಯವಾಯಿತೋ ಅವರಿಗೆ ಆಸರೆ, ನ್ಯಾಯದ ಮೊದಲ ಪಾಠ ಇಷ್ಟೇ ಅಲ್ಲವೆ?

ಇನ್ನು ಜನನ ಪ್ರಮಾಣ 1.7ಕ್ಕೆ ಇಳಿದದ್ದರ ಒಳಗುಟ್ಟು. 2019-20ರಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ, ನೂರಕ್ಕೆ ಐವತ್ತೇಳು ಮಂದಿಗೆ, ಆಪರೇಷನ್ ಆಗಿತ್ತು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗುವುದಿಲ್ಲ, ನೂರಕ್ಕೆ ಒಂದೂ ಇಲ್ಲ. ನಮ್ಮಂಥ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚಿನ ಹೆಂಗಸರಿಗೆ ಇದಾಗುವುದು ಇಪ್ಪತ್ತೈದು ತುಂಬುವ ಮೊದಲೇ. ಹದಿನಾರಕ್ಕೆ ಮದುವೆ, ಹದಿನೆಂಟಕ್ಕೆ ಒಂದು, ಇಪ್ಪತ್ತೊಂದಕ್ಕೆ ಎರಡು, ಆಮೇಲೆ ಆಪರೇಷನ್, ಮರುವಾರ ಕೂಲಿ. ಈ ಹೆಣ್ಣುಮಗಳು ಸರ್ಕಾರದ ಅಂಕಿಯನ್ನು ಚೆನ್ನಾಗಿಯೇ ಇಳಿಸಿಕೊಟ್ಟಳು. ಆದರೆ ಯಾವಾಗ ಮದುವೆ, ಯಾವಾಗ ಕೂಸು, ಯಾವಾಗ ಕತ್ತರಿ, ಯಾವುದನ್ನೂ ಆಕೆ ನಿರ್ಧರಿಸಲಿಲ್ಲ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್‌ಗಳಾದವು. ಬಲವಂತಕ್ಕೆ ಸಿಕ್ಕವರಲ್ಲಿ ಬಡವರು, ದಲಿತರು ಎಷ್ಟೋ ಜನ. ಅಂಕಿ ಇಳಿಯಲಿ, ಹೇಗಾದರೂ ಇಳಿಯಲಿ ಅನ್ನುವ ಹಟ ಎಲ್ಲಿಗೆ ಮುಟ್ಟುತ್ತದೆ ಅಂತ ಆ ವರ್ಷ ಕಲಿಸಿದೆ.

ಬೇರೆ ದಾರಿಯೂ ನಮ್ಮ ಪರಂಪರೆಯಲ್ಲೇ ಇದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಿತು. 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷ ಸಂತಾನ ನಿಯಂತ್ರಣದ ಸೌಲಭ್ಯ ಜನರಿಗೆ ಸಿಗಲಿ ಅಂತ ಗೊತ್ತುವಳಿ ತಂದಿತು. ಸಭೆ ಅದನ್ನು ಸೋಲಿಸಿತು. ಅದಕ್ಕೂ ಮೊದಲು, 1863ರಲ್ಲಿ, ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಒಂದು ಮನೆಯ ಬಾಗಿಲು ತೆರೆದರು. ಬಸುರಿಯಾಗಿ ಸಾವಿಗೋ ಶಿಶುಹತ್ಯೆಗೋ ತಳ್ಳಲ್ಪಟ್ಟ ಬ್ರಾಹ್ಮಣ ವಿಧವೆಯರಿಗೆ, ಅವರಲ್ಲಿ ಎಷ್ಟೋ ಜನ ಎಳೆಯರು, ಇಲ್ಲಿ ಬಂದು ಹೆರಿ ಅಂದರು. ತಮ್ಮನ್ನು ಮುಟ್ಟಿಸಿಕೊಳ್ಳದ ಜಾತಿಯ ಹೆಣ್ಣುಮಕ್ಕಳ ಬಾಣಂತನವನ್ನು ಶೂದ್ರ ದಂಪತಿಗಳು ಮಾಡಿದರು. ಅಂಥ ಒಬ್ಬ ವಿಧವೆಯ ಮಗುವನ್ನೇ ದತ್ತು ತಗೊಂಡು, ಯಶವಂತ ಅಂತ ಹೆಸರಿಟ್ಟು, ಓದಿಸಿ ಡಾಕ್ಟರ್ ಮಾಡಿದರು. ಆ ಬಾಗಿಲಲ್ಲಿ ಯಾರಿಂದ ಆಯಿತು ಅನ್ನುವ ವಿಚಾರಣೆಗಿಂತ ಮೊದಲು ಒಳಗೆ ಬಾ ಅನ್ನುವ ಮಾತಿತ್ತು. ನೂರ ಅರವತ್ತು ವರ್ಷ ಕಳೆದ ಮೇಲೂ ನಮ್ಮ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ಮೊದಲು ಬರುವುದು ವಿಚಾರಣೆ.

ಗೆಳೆಯರೆ, ಹದಿಹರೆಯದ ಬಸಿರು ಇನ್ನೂ ಕಡಿಮೆಯಾಗಲಿ ಅಂತ ನಾವೂ ಬಯಸುತ್ತೇವೆ. ಆದರೆ ಅದನ್ನು ಅಳೆಯುವ ಕೋಲು ಬೇರೆಯಾಗಬೇಕು. ಎಂಟನೇ ತರಗತಿ ಮುಗಿಸಿದ ಹುಡುಗಿ ಒಂಬತ್ತಕ್ಕೆ ಸೇರಿದಳೆ? ಗುಳೆ ಹೋದವರ ಮಗಳಿಗೆ ಆ ಆರು ತಿಂಗಳು ನಂಬಿ ಬಿಡುವಂಥ ಹಾಸ್ಟೆಲು ಇದೆಯೆ, ಅದರ ವಾರ್ಡನ್ ಮೇಲೆ ಕಣ್ಣಿಡುವವರು ಇದ್ದಾರೆಯೆ? ದಲಿತ ಹುಡುಗಿಯ ಮೇಲೆ ಕೈ ಮಾಡಿದವನಿಗೆ ಶಿಕ್ಷೆಯಾಗಿ, ಅವಳ ತಾಯಿಗೆ ಗಂಡನೆಂಬ ಕಾವಲುಗಾರ ಬೇಡವಾಗಿದ್ದಾನೆಯೆ? ಬಸುರಿಯಾದವಳು ಮತ್ತೆ ಶಾಲೆಯ ಬೆಂಚಿಗೆ ಬಂದು ಕೂರಬಹುದೆ? ನಮ್ಮ ಸಭೆಗಳಲ್ಲಿ ಜಾತಿ ವಿನಾಶ ಅಂತ ಕೂಗುವವರು ಮನೆಗೆ ಹೋಗಿ ತಂಗಿಯ ಮದುವೆಯ ಮಾತು ಬಂದಾಗ ಅವಳನ್ನೊಮ್ಮೆ ಕೇಳುತ್ತಾರೆಯೆ? ಈ ಪ್ರಶ್ನೆಗಳಿಗೆ ಹೌದು ಅನ್ನುವ ಊರು ಒಂದೊಂದಾಗಿ ಹೆಚ್ಚಿದರೆ ಅಂಕಿ ತಾನಾಗಿ ಇಳಿಯುತ್ತದೆ. ಇಪ್ಪತ್ತೊಂದರಲ್ಲಿ ನಿಂತುಬಿಟ್ಟಿರುವ ಆ ಬಾಲ್ಯವಿವಾಹದ ಗೂಟವೂ ಆಗ ಅಲುಗುತ್ತದೆ. ಅದಕ್ಕಾಗಿ ಮುಂದಿನ ಸಮೀಕ್ಷೆಯನ್ನು ಕಾಯುತ್ತ ಕೂರಬೇಕಿಲ್ಲ. ಯಾವ ಕೇರಿಯಲ್ಲಿ ಯಾವ ಹುಡುಗಿ ಈ ವರ್ಷ ಶಾಲೆ ಬಿಟ್ಟಳು ಅನ್ನುವುದು ಆ ಕೇರಿಯವರಿಗೆ ಇವತ್ತೇ ಗೊತ್ತಿದೆ. ಅವಳ ಮನೆಯ ಬಾಗಿಲಿಗೆ ಹೋಗಿ, ಅಪ್ಪನಿಗಿಂತ ಮೊದಲು ಅವಳನ್ನು ಮಾತಾಡಿಸುವುದರಿಂದ ಕೆಲಸ ಶುರುವಾಗಲಿ.